ಜಗಲಿಯ ಮಾತು: ಉಣ್ಣೆಯ ದಿಗ್ವಿಜಯ

ಮಾಲೂರಿನಿಂದ ಗೃಹಸ್ಥರೊಬ್ಬರು ಪತ್ರ ಬರೆದು ಕೇಳಿರುವರು: “ಮಲೆನಾಡಿನ ಮಂಗನ ಕಾಯಿಲೆಯು ಹೊಸ ಹೊಸ ಸೀಮೆಗಳಲ್ಲಿ ಕಾಣಿಸಿಕೊಳ್ಳುತ್ತಿರುವುದೆಂದು ಓದುತ್ತೇವೆ. ಅದು ನಮ್ಮ ಕಡೆಗೂ ಬಂದೀತೇ? ಶಾಲೆಯಿಂದ ಮಕ್ಕಳನ್ನು ಜೋಗಕ್ಕೆ ಪ್ರವಾಸ ಕರೆದೊಯ್ಯುವರಂತೆ. ಕಳುಹಿಸೋಣವೇ, ಬೇಡವೇ?” ಪ್ರಶ್ನೆಯು ಎರಡು ಸಾಲಿನದು. ಉತ್ತರವನ್ನು ಎರಡು ಸಾಲಿನಲ್ಲಿ ಮುಗಿಸಿದರೆ ಒಂದೋ ಸುಳ್ಳು ಧೈರ್ಯ ಹೇಳಿದಂತಾಗುವುದು, ಇಲ್ಲವೇ ಸುಳ್ಳು ಭಯ ಹುಟ್ಟಿಸಿದಂತಾಗುವುದು. ಎರಡೂ ಮೇಷ್ಟರಾದವನಿಗೆ ಒಪ್ಪತಕ್ಕ ಕೆಲಸವಲ್ಲ. ಆದಕಾರಣ ಈ ತಿಂಗಳ ಜಗಲಿಯನ್ನು ಪೂರ್ತಿಯಾಗಿ ಆ ಕ್ಷುದ್ರ ಜಂತುವಿಗೇ ಬಿಟ್ಟುಕೊಡುತ್ತೇನೆ.

ಮೊದಲು ಹೆಸರಿನ ಮಾತು. ಕುರಿಯ ಮೈಮೇಲೆ ಎರಡು ಉಣ್ಣೆಗಳಿರುವುವು. ಒಂದು ನಾವು ಕಂಬಳಿ ನೇಯುವ ಉಣ್ಣೆ. ಇದು ಸಂಸ್ಕೃತದ ‘ಊರ್ಣಾ’ ಶಬ್ದದ ತದ್ಭವ. ಇನ್ನೊಂದು ರಕ್ತವನ್ನುಣ್ಣುವ ಉಣ್ಣೆ. ಇದು ಅಚ್ಚಗನ್ನಡದ ‘ಉಣ್’ ಧಾತುವಿನಿಂದ ಹುಟ್ಟಿರಬೇಕೆಂದು ನನಗೆ ತೋರುವುದು. ಕೆಲವರು ಉಣ್ಣಿ ಎನ್ನುವರು, ಮಲೆನಾಡಿನವರು ಉಣುಗು ಎನ್ನುವರು. ಹೆಸರು ಯಾವುದಾದರೂ ಅದರ ಬಾಳೆಲ್ಲ ಉಣ್ಣುವುದರಲ್ಲಿಯೇ ಮುಗಿಯುವುದು. ಮೊಟ್ಟೆಯೊಡೆದು ಬಂದಾಗ ಅದಕ್ಕೆ ಆರು ಕಾಲುಗಳು. ಕಣ್ಣಿಗೆ ಕಾಣುವುದೂ ಕಷ್ಟ. ಒಮ್ಮೆ ರಕ್ತವುಂಡು ಪೊರೆ ಕಳಚಿದ ಮೇಲೆ ಎಂಟು ಕಾಲುಗಳ ಮರಿಯಾಗುವುದು. ಮತ್ತೊಮ್ಮೆ ಉಂಡು ಪೊರೆ ಬಿಟ್ಟರೆ ಬೆಳೆದ ಉಣ್ಣೆ. ಹೆಣ್ಣು ಕಡೆಯ ಬಾರಿ ಹೊಟ್ಟೆ ಬಿರಿಯುವಂತೆ ಕುಡಿದು, ನೆಲಕ್ಕೆ ಉದುರಿ, ಬಿರುಕಿನಲ್ಲಿಯೋ ತರಗೆಲೆಯ ಅಡಿಯಲ್ಲಿಯೋ ಸಾವಿರಗಟ್ಟಲೆ ಮೊಟ್ಟೆಗಳನ್ನಿಟ್ಟು ಸಾಯುವುದು. ಎಂಟು ಕಾಲಿರುವುದರಿಂದ ಇದು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದುದು.

ಈಗ ವಿಚಾರ ಮಾಡಿರಿ. ಇದಕ್ಕೆ ರೆಕ್ಕೆಯಿಲ್ಲ. ಸೊಳ್ಳೆಯಂತೆ ಹಾರದು, ಚಿಗಟದಂತೆ ನೆಗೆಯದು. ತನ್ನ ಕಾಲಿನಿಂದ ಆಯುಷ್ಯವೆಲ್ಲ ನಡೆದರೂ ಒಂದು ಹೊಲವನ್ನು ದಾಟಲಾರದು. ಹೀಗಿದ್ದೂ ರಾಜ್ಯದಿಂದ ರಾಜ್ಯಕ್ಕೆ ಇದರ ದಿಗ್ವಿಜಯ ನಡೆದಿರುವುದೆಂದರೆ ಇದನ್ನು ಹೊತ್ತು ತಿರುಗುವ ವಾಹನಗಳು ಬೇರೆ ಇರಬೇಕಲ್ಲವೇ? ದನ, ಕುರಿ, ನಾಯಿ, ಇಲಿ, ಮಂಗ, ನೆಲದ ಹಕ್ಕಿಗಳು, ಎಲ್ಲಕ್ಕಿಂತ ಹೆಚ್ಚಾಗಿ ದನವನ್ನು ಲಾರಿಯಲ್ಲಿ ತುಂಬಿ ಸಂತೆಯಿಂದ ಸಂತೆಗೆ ಸಾಗಿಸುವ ಮನುಷ್ಯ, ಇವರೇ ಆ ವಾಹನಗಳು.

ಉಣ್ಣೆಯು ರೋಗವನ್ನು ಹೊರುವುದೆಂಬುದನ್ನು ಲೋಕವು ಮೊದಲು ತಿಳಿದುದು ದನಗಳ ದೆಸೆಯಿಂದಲೇ. ಅಮೆರಿಕದಲ್ಲಿ ಟೆಕ್ಸಾಸ್ ಸೀಮೆಯ ದನಗಳನ್ನು ಮಾರಾಟಕ್ಕಾಗಿ ಉತ್ತರಕ್ಕೆ ಹೊಡೆದುಕೊಂಡು ಹೋದಾಗ ಆ ದನಗಳಿಗೆ ಏನೂ ಆಗುತ್ತಿರಲಿಲ್ಲ. ಅವು ಹಾದುಹೋದ ಹಾದಿಯಲ್ಲಿ ಮೇಯ್ದ ಉತ್ತರದ ದನಗಳು ಮಾತ್ರ ರಕ್ತಮೂತ್ರವಾಗಿ ಸಾಯುತ್ತಿದ್ದವು. ಉಣ್ಣೆಯೇ ಕಾರಣವೆಂದು ದನಗಾಹಿಗಳು ಆಡಿಕೊಳ್ಳುತ್ತಿದ್ದರು, ಪಂಡಿತರು ನಗುತ್ತಿದ್ದರು. 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬುವರು ಪ್ರಯೋಗಪೂರ್ವಕವಾಗಿ ದನಗಾಹಿಗಳ ಮಾತೇ ಸರಿಯೆಂದು ಸ್ಥಾಪಿಸಿದರು. ಓದಿದವರು ಓದದವರ ಮಾತನ್ನು ಕಿವಿಗೊಟ್ಟು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನನಗೆ ತಿಳಿಯದು.

ಈ ದೃಷ್ಟಾಂತವನ್ನು ಓದಿ ತಿಳಿದಿದ್ದ ನಾನೇ ಅದರಂತೆ ನಡೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿರುವುದು. ನಮ್ಮ ನೆರೆಮನೆಯಲ್ಲಿ ಒಬ್ಬ ಹೆಣ್ಣುಮಗಳಿರುವಳು. ಗಂಡನಿಲ್ಲ, ಇಬ್ಬರು ಮಕ್ಕಳು. ಸಂಘದಲ್ಲಿ ಸಾಲ ತೆಗೆದು ಒಂದು ಸೀಮೆಹಸುವನ್ನು ದೂರದ ಊರಿನಿಂದ ತಂದು ಕಟ್ಟಿದ್ದಳು. ನಮ್ಮ ಜಿಲ್ಲೆಗೆ ಹಾಲು ಮತ್ತು ರೇಷ್ಮೆಯ ಸೀಮೆಯೆಂದು ಹೆಸರಿರುವುದಷ್ಟೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಕಿದ ಹಾಲೇ ಆ ಮನೆಯ ಅನ್ನ. ಬಿರುಬೇಸಗೆಯ ಒಂದು ಬೆಳಿಗ್ಗೆ ಅವಳು ಬಂದು, “ಮೇಷ್ಟ್ರೇ, ಹಸು ರಾತ್ರಿಯಿಂದ ಮೇವು ಮುಟ್ಟಿಲ್ಲ, ಮೈ ಕೆಂಡದ ಹಾಗಿದೆ, ಹಾಲೂ ಇಳಿದುಹೋಗಿದೆ. ಡಾಕ್ಟರನ್ನು ಕರೆಸಲೇ?” ಎಂದಳು. ನಾನು ಜಗಲಿಯಿಂದ ಇಳಿಯದೆಯೇ, “ಬಿಸಿಲಿನ ತಾಪವಮ್ಮ, ಗಾಬರಿಯಾಗಬೇಡ. ನೆರಳಿಗೆ ಕಟ್ಟಿ ತಣ್ಣೀರು ಹಾಕು, ನಾಳೆ ನೋಡೋಣ” ಎಂದೆನು. ಆ ನಾಳೆ ಎರಡು ದಿನವಾಯಿತು. ಮೂರನೆಯ ದಿನ ಪಶುವೈದ್ಯರು ಬಂದು ಹಸುವಿನ ಭುಜದ ಮುಂದೆ ಕೈಯಿಟ್ಟು ನೋಡಿದರು. ಅಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲಿನ ಸಂದಿನಲ್ಲಿ ಉಣ್ಣೆಗಳು. ಕಣ್ಣಿನ ಒಳರೆಪ್ಪೆ ಕಾಗದದಂತೆ ಬಿಳುಪೇರಿದ್ದಿತು. ಥೈಲೀರಿಯ ಎಂಬ ಜ್ವರವೆಂದೂ, ಮೊದಲ ದಿನವೇ ಸೂಜಿಮದ್ದು ಬಿದ್ದಿದ್ದರೆ ಉಳಿಯುವ ಸಂಭವ ಬಹಳವಿತ್ತೆಂದೂ ಹೇಳಿದರು. ಮರುದಿನ ದೀಪ ಹಚ್ಚುವ ಹೊತ್ತಿಗೆ ಹಸು ಸತ್ತಿತು.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ನಿಮ್ಮ ತಪ್ಪೇನು ಮೇಷ್ಟ್ರೇ, ನನ್ನ ಹಣೆಯಲ್ಲಿ ಬರೆದದ್ದು” ಎಂದಳು. ಹಣೆಯಲ್ಲಿ ಬರೆದುದಾಗಿರಲಿಲ್ಲ. ಗೋಡೆಯ ಬಿರುಕಿನಲ್ಲಿ ಬರೆದುದಾಗಿತ್ತು, ನಾನು ಓದಲಿಲ್ಲ.

ಗೋಡೆಯ ಬಿರುಕು ಎಂದೆನಷ್ಟೆ. ಅದನ್ನು ವಿವರಿಸಬೇಕು. ಥೈಲೀರಿಯವನ್ನು ಹೊರುವ ಉಣ್ಣೆಗೆ ಶಾಸ್ತ್ರದಲ್ಲಿ ಹಯಾಲೊಮ್ಮ ಎಂದು ಹೆಸರು. ಇದು ಹಗಲಿರುಳೂ ದನದ ಮೈಮೇಲೆಯೇ ಇರುವುದಲ್ಲ. ಉಂಡು ಉದುರಿ, ಕೊಟ್ಟಿಗೆಯ ಮಣ್ಣುಗೋಡೆಯ ಬಿರುಕು, ಗೋದಲೆಯ ಕಲ್ಲುಸಂದು, ಇಂತಹ ಕಡೆಗಳಲ್ಲಿ ಅಡಗಿ ಪೊರೆ ಬಿಡುವುದು. ಚಿಕ್ಕಂದಿನಲ್ಲಿ ಒಂದು ಹಸುವಿನಿಂದ ಕುಡಿದ ರೋಗಬೀಜವನ್ನು ಬೆಳೆದ ಮೇಲೆ ಇನ್ನೊಂದು ಹಸುವಿಗೆ ದಾಟಿಸುವುದು. ನಮ್ಮ ನಾಟಿ ದನಗಳು ಕರುವಾಗಿದ್ದಾಗಿನಿಂದ ಇದರೊಡನೆ ಬೆಳೆದವು, ಬಹುಮಟ್ಟಿಗೆ ತಾಳಿಕೊಳ್ಳುವುವು. ಹೊರಗಿನಿಂದ ಬಂದ ಸೀಮೆಹಸುವಿಗೆ ಆ ತಾಳಿಕೆಯಿಲ್ಲ. ನೆರೆಮನೆಯ ಹಳೆಯ ಕೊಟ್ಟಿಗೆಯಲ್ಲಿ ನಾಟಿ ದನಗಳು ಅದೆಷ್ಟು ವರ್ಷ ಸುಖವಾಗಿದ್ದವು! ಅದೇ ಗೋಡೆಯು ಹೊಸ ಹಸುವಿಗೆ ಮೃತ್ಯುವಾಯಿತು.

ಇಲ್ಲಿ ಓದುಗರು ಒಂದು ತತ್ತ್ವವನ್ನು ಗಮನಿಸಬೇಕು. ಉಣ್ಣೆಯ ರೋಗವು ಹೊಸ ಕಡೆ ಕಾಣಿಸಿಕೊಳ್ಳುವುದು ಎರಡು ಬಗೆಯಿಂದ. ಉಣ್ಣೆಯು ಹೊಸ ನೆಲಕ್ಕೆ ಬರುವುದು ಒಂದು. ಟೆಕ್ಸಾಸಿನ ಹಾದಿಯಲ್ಲಿ ಆದುದು ಇದು. ಹೊಸ ಪ್ರಾಣಿಯು ಉಣ್ಣೆಯ ನೆಲಕ್ಕೆ ಹೋಗುವುದು ಇನ್ನೊಂದು. ನೆರೆಮನೆಯ ಕೊಟ್ಟಿಗೆಯಲ್ಲಿ ಆದುದು ಇದು. ಮಂಗನ ಕಾಯಿಲೆಯ ಚರಿತ್ರೆಯಲ್ಲಿ ಎರಡೂ ಹೆಣೆದುಕೊಂಡಿರುವುವು.

1957ರ ಬೇಸಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಮರದಿಂದ ಬಿದ್ದು ಸಾಯತೊಡಗಿದವು. ಅದೇ ಕಾಲದಲ್ಲಿ ಸುತ್ತಲ ಹಳ್ಳಿಗಳಲ್ಲಿ ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದವರು ಉಗ್ರ ಜ್ವರದಿಂದ ಮಲಗಿದರು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವುದನ್ನು ಕಂಡು, ಆಫ್ರಿಕದ ಹಳದಿಜ್ವರವು ಭರತಖಂಡಕ್ಕೆ ಕಾಲಿಟ್ಟಿತೋ ಎಂಬ ಭೀತಿ ಹುಟ್ಟಿತು. ಪೂನಾದ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಿದಾಗ ಅದು ಹಳದಿಜ್ವರವಲ್ಲವೆಂದೂ, ರಷ್ಯದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳುಜ್ವರದ ಕುಲಕ್ಕೆ ಸೇರಿದ, ಲೋಕವು ಅದುವರೆಗೆ ಕಾಣದಿದ್ದ ವೈರಾಣುವೆಂದೂ ತಿಳಿದುಬಂದಿತು. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಹೊರುವ ಉಣ್ಣೆಗಳಲ್ಲಿ ಮುಖ್ಯವಾದುದು ಹೆಮಾಫೈಸಾಲಿಸ್ ಸ್ಪಿನಿಜೆರ ಎಂಬುದು. ರಷ್ಯದಿಂದ ವಲಸೆಯ ಹಕ್ಕಿಗಳು ತಂದಿರಬಹುದೇ ಎಂಬ ಶಂಕೆಯಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಪರೀಕ್ಷಿಸುವ ದೊಡ್ಡ ಕಾರ್ಯವು ಪಕ್ಷಿಶಾಸ್ತ್ರಜ್ಞರಾದ ಸಾಲಿಂ ಅಲಿಯವರ ನೇತೃತ್ವದಲ್ಲಿ ನಡೆಯಿತು. ಆದರೆ ಹಕ್ಕಿಗಳ ಮೇಲಿನ ಆರೋಪವು ಸಿದ್ಧವಾಗಲಿಲ್ಲ.

ಹಾಗಾದರೆ ಆ ವರ್ಷವೇ ಏಕೆ ಎದ್ದಿತು? ಕೊಲಂಬಿಯ ದೇಶದ ವಿಜ್ಞಾನಿ ಬೋಷೆಲ್ ಎಂಬುವರು 1969ರಲ್ಲಿ ಬರೆದ ಲೇಖನದಲ್ಲಿ ಇದರ ಕಾರಣವನ್ನು ಕಾಡಿನ ಅಂಚಿನಲ್ಲಿ ಹುಡುಕಿದರು. ಜನ ಹೆಚ್ಚಿ, ಕಾಡು ಕಡಿದು ಗದ್ದೆಯಾಗಿ, ದನಗಳು ಮೇವಿಗಾಗಿ ಉಳಿದ ಕಾಡಿನೊಳಕ್ಕೆ ಹೋಗತೊಡಗಿದವು. ಬೆಳೆದ ಉಣ್ಣೆಗೆ ಬೇಕಾದುದು ದೊಡ್ಡ ಮೈ. ಹಿಂದೆ ಕಾಡುಪ್ರಾಣಿಗಳಲ್ಲಿ ಅಪರೂಪಕ್ಕೆ ದೊರೆಯುತ್ತಿದ್ದುದು ಈಗ ದನಗಳ ರೂಪದಲ್ಲಿ ದಿನವೂ ಮನೆಬಾಗಿಲಿಗೆ ಬಂದಿತು. ಒಂದಿದ್ದ ಕಡೆ ನೂರಾಯಿತು. ವೈರಾಣುವು ಇಲಿ, ಹೆಗ್ಗಣ ಮೊದಲಾದ ಸಣ್ಣ ಪ್ರಾಣಿಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿದ್ದುದು ಮಂಗಗಳಿಗೆ ಏರಿತು. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿನ ಉಣ್ಣೆಗಳೆಲ್ಲ ನೆಲಕ್ಕಿಳಿದು ಚದುರುವುವು. ಮಂಗ ಬಿದ್ದ ಸುತ್ತಿನ ನೆಲವು ವಿಷದ ಮಡುವಾಗುವುದು. ಅಲ್ಲಿ ಕಾಲಿಟ್ಟವನು ರೋಗಿಯಾಗುವನು.

ಇನ್ನು ದಿಗ್ವಿಜಯದ ಕ್ರಮ. ಮೊದಲ ಹದಿನೈದು ವರ್ಷ ಈ ವ್ಯಾಧಿಯು ಶಿವಮೊಗ್ಗ ಜಿಲ್ಲೆಯೊಳಗೇ ಇದ್ದಿತು. 1970ರ ದಶಕದಲ್ಲಿ ಉತ್ತರ ಕನ್ನಡಕ್ಕೂ ಚಿಕ್ಕಮಗಳೂರಿಗೂ ಹಬ್ಬಿತು. 1982ರ ಕೊನೆಯಿಂದ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರುತೋಟಕ್ಕಾಗಿ ಕಾಡು ಕಡಿದ ಕಡೆ ಕಾಣಿಸಿಕೊಂಡು, ಮುಂದಿನ ಎರಡು ವರ್ಷಗಳಲ್ಲಿ ಸಾವಿರಕ್ಕೂ ಮೀರಿದ ಜನರನ್ನು ಮಲಗಿಸಿತು. ಅನಂತರ ಬಹುಕಾಲ ಈ ಜಿಲ್ಲೆಗಳಲ್ಲಿಯೇ ಸುತ್ತುತ್ತಿದ್ದು, 2012ರಲ್ಲಿ ಬಂಡೀಪುರದ ಕಾಡಿನಲ್ಲಿಯೂ ನೀಲಗಿರಿಯಲ್ಲಿಯೂ, 2013ರಲ್ಲಿ ಕೇರಳದ ವಯನಾಡಿನಲ್ಲಿಯೂ, 2014ರಲ್ಲಿ ಮಲಪ್ಪುರದಲ್ಲಿಯೂ, 2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನಲ್ಲಿಯೂ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿಯೂ ತಲೆಯೆತ್ತಿತು. 2018ರ ಕೊನೆಯಲ್ಲಿ ಹಳೆಯ ನೆಲವಾದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮತ್ತೆ ಉಗ್ರವಾಗಿ ಎದ್ದಿತು. ಭೂಪಟವನ್ನು ಹಾಸಿ ಈ ಊರುಗಳಿಗೆ ಚುಕ್ಕೆಯಿಟ್ಟು ನೋಡಿರಿ: ಸಹ್ಯಾದ್ರಿಯ ಬೆನ್ನೆಲುಬಿನುದ್ದಕ್ಕೂ ಮಾಲೆಯು ಕಟ್ಟಿರುವುದು; ಬಯಲುಸೀಮೆಗೆ ಇಳಿದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಹೊಸ ಊರಿನಲ್ಲಿ ರೋಗ ಕಂಡಿತೆಂದ ಮಾತ್ರಕ್ಕೆ ರೋಗವು ಅಲ್ಲಿಗೆ ಹೊಸದಾಗಿ ಬಂದಿತೆಂದು ಹೇಳಲಾಗದು. ಮೊದಲೇ ಇದ್ದುದನ್ನು ಹೊಸದಾಗಿ ನೋಡಿರಲೂಬಹುದು. ಪರೀಕ್ಷಾಲಯಗಳು ಹೆಚ್ಚಿದಂತೆ, ವೈದ್ಯರ ಕಿವಿ ಚುರುಕಾದಂತೆ, ಹಿಂದೆ ‘ಯಾವುದೋ ವಿಷಮಜ್ವರ’ ಎಂದು ಬಿಟ್ಟುದಕ್ಕೆ ಈಗ ಹೆಸರು ಸಿಕ್ಕುವುದು. ಅರೇಬಿಯದಲ್ಲಿ 1990ರ ದಶಕದಲ್ಲಿ ಪತ್ತೆಯಾದ ಅಲ್ಖುರ್ಮ ಎಂಬ ವೈರಾಣುವು ನಮ್ಮ ಕ್ಯಾಸನೂರಿನದಕ್ಕೆ ಅತಿ ಹತ್ತಿರದ ದಾಯಾದಿ. ಇದನ್ನು ನೋಡಿದರೆ ಈ ಕುಲವು ನಮಗೆ ತಿಳಿದಿರುವುದಕ್ಕಿಂತ ಹಳೆಯದೂ ದೂರ ಹಬ್ಬಿದುದೂ ಆಗಿರಬೇಕು. ಆದರೆ ಉಣ್ಣೆಗಳು ನಿಜವಾಗಿಯೇ ಊರು ಬಿಟ್ಟು ಊರಿಗೆ ಹೋಗುವುದೂ ಉಂಟು. ಪೂರ್ವ ಏಷ್ಯದ ಹೆಮಾಫೈಸಾಲಿಸ್ ಕುಲದ ಒಂದು ಉಣ್ಣೆಯು 2017ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಕುರಿಯ ಮೈಮೇಲೆ ಹಿಂಡುಹಿಂಡಾಗಿ ಕಂಡುಬಂದು, ಈಗ ಅಲ್ಲಿಯ ಅನೇಕ ಸಂಸ್ಥಾನಗಳಲ್ಲಿ ನೆಲೆಯೂರಿರುವುದು.

ಉಣ್ಣೆಯ ಹೆಜ್ಜೆಯನ್ನು ಪತ್ತೆ ಮಾಡುವ ಬಗೆಯನ್ನು ಕೇಳಿದರೆ ಓದುಗರಿಗೆ ಆಶ್ಚರ್ಯವಾದೀತು. ಒಂದು ಕೋಲಿಗೆ ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕಟ್ಟಿ ಕಾಡಿನ ತರಗೆಲೆಯ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುವರು. ಹಾದುಹೋಗುವ ಮೈಯೆಂದು ಭ್ರಮಿಸಿ ಉಣ್ಣೆಗಳು ಬಟ್ಟೆಗೆ ಹತ್ತುವುವು. ಅವನ್ನು ಚಿಮ್ಮಟದಿಂದ ಆಯ್ದು, ಎಣಿಸಿ, ಜಾತಿ ಗುರುತಿಸಿ, ವೈರಾಣುವಿದೆಯೇ ಎಂದು ಪರೀಕ್ಷಿಸುವರು. ಎಷ್ಟು ದೊಡ್ಡ ಪ್ರಯೋಗಶಾಲೆಯಾದರೂ ಕೆಲಸವು ಆರಂಭವಾಗುವುದು ಈ ಬಟ್ಟೆಯಿಂದ. ಅದಕ್ಕೂ ಮೊದಲು ಬೇಕಾದುದು ಒಬ್ಬ ಹಳ್ಳಿಗನ ಕಣ್ಣು: ಸತ್ತ ಮಂಗವನ್ನು ಕಂಡು, ಮುಟ್ಟದೆ, ಹೋಗಿ ಹೇಳುವ ಕಣ್ಣು. ಆ ಸುದ್ದಿ ಬೇಗ ಮುಟ್ಟಿದರೆ ಆ ನೆಲಕ್ಕೆ ಮದ್ದು ಹಾಕಿ ಜನರನ್ನು ದೂರವಿಡಬಹುದು. ತಡವಾದರೆ ರೋಗಿಯೇ ಸುದ್ದಿಯನ್ನು ತರುವನು.

ಈಗ ಮಾಲೂರಿನವರ ಪ್ರಶ್ನೆಗೆ ಬರೋಣ. ಮಂಗನ ಕಾಯಿಲೆಯ ಉಣ್ಣೆಗೆ ತೇವದ ಕಾಡು ಬೇಕು, ದಪ್ಪನಾದ ತರಗೆಲೆಯ ಹಾಸಿಗೆ ಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ನೆಲವು ಬಂಡೆ, ಕುರುಚಲು, ರಾಗಿಯ ಹೊಲ, ಮಾವಿನ ತೋಪು, ಒಣಗಿದ ಕೆರೆಯಂಗಳ. ಅಂತರಗಂಗೆಯ ಬೆಟ್ಟದಲ್ಲಿ ಕೋತಿಗಳು ಬೇಕಾದಷ್ಟಿರುವುವು. ಆದರೆ ಕೋತಿಯಿದ್ದ ಮಾತ್ರಕ್ಕೆ ಕಾಯಿಲೆಯಿರದು. ಕೋತಿಯು ಈ ರೋಗದ ಅಪರಾಧಿಯಲ್ಲ, ನಮ್ಮಂತೆಯೇ ಬಲಿ. ಅದನ್ನು ಕಲ್ಲು ಹೊಡೆದು ಓಡಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ಉಣ್ಣೆಯು ನಮ್ಮ ಬಳಿಗೆ ಬಂದೀತೆಂದು ಇಂದು ನಿದ್ದೆಗೆಡಬೇಕಾದುದಿಲ್ಲ. ನಾವು ಉಣ್ಣೆಯ ಬಳಿಗೆ ಹೋಗುವುದನ್ನು ಕುರಿತು ಮಾತ್ರ ವಿಚಾರ ಮಾಡಬೇಕು.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳನ್ನು ಪ್ರವಾಸ ಕರೆದೊಯ್ದವನು. ಪ್ರವಾಸಗಳೆಲ್ಲ ಡಿಸೆಂಬರು ಜನವರಿಗಳಲ್ಲಿ. ಹೋಗುವುದು ಜೋಗ, ಶೃಂಗೇರಿ, ಧರ್ಮಸ್ಥಳಗಳ ಕಡೆಗೆ. ಉಣ್ಣೆಯ ಎಂಟುಕಾಲಿನ ಮರಿಗಳು ಕಾಡಿನಲ್ಲಿ ತುಂಬುವುದೂ ಮನುಷ್ಯನನ್ನು ಹತ್ತುವುದೂ ಅದೇ ಕಾಲ: ಡಿಸೆಂಬರಿನಿಂದ ಮೇ ತಿಂಗಳವರೆಗೆ. ಇಷ್ಟು ವರ್ಷ ಈ ಎರಡು ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಮಕ್ಕಳನ್ನು ಕಳುಹಿಸಿರಿ, ಲೋಕವನ್ನು ನೋಡದ ವಿದ್ಯೆಯು ವಿದ್ಯೆಯಲ್ಲ. ಆದರೆ ಈ ಕೆಲವು ಮಾತುಗಳನ್ನು ಅವರ ಉಪಾಧ್ಯಾಯರಿಗೆ ತಿಳಿಸಿರಿ. ಹೆದ್ದಾರಿಯಲ್ಲಿಯೂ ದೇವಸ್ಥಾನದಲ್ಲಿಯೂ ಭಯವಿಲ್ಲ. ಕಾಡಿನೊಳಕ್ಕೆ ನುಗ್ಗಬಾರದು, ತರಗೆಲೆಯ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು. ಮೈತುಂಬ ಬಟ್ಟೆಯಿರಲಿ; ಅಲ್ಲಿಯ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಲಿ. ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳು, ತೊಡೆಸಂದುಗಳನ್ನು ನೋಡಬೇಕು. ಉಣ್ಣೆ ಕಂಡರೆ ಚಿಮ್ಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು, ಉಗುರಿನಿಂದ ಚಿಟಕಿಸಿ ಒಡೆಯುವುದು ಕೂಡದು.

ಹಿಂದಿರುಗಿದ ಮೇಲೆ ಎರಡು ವಾರಗಳೊಳಗೆ ಯಾರಿಗಾದರೂ ಥಟ್ಟನೆ ಜ್ವರ, ಹಣೆಯೊಡೆಯುವ ತಲೆನೋವು, ಮೈಕೈ ಮುರಿದಂತೆ ನೋವು, ಕಣ್ಣು ಕೆಂಪಾಗುವುದು, ವಾಂತಿ, ವಸಡಿನಲ್ಲಿ ರಕ್ತ, ಇವು ಕಂಡರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, “ಮಗು ಮಲೆನಾಡಿಗೆ ಹೋಗಿ ಬಂದಿತ್ತು” ಎಂಬುದು. ಕೋಲಾರದ ವೈದ್ಯರಿಗೆ ಈ ಜ್ವರವು ತಾನಾಗಿಯೇ ನೆನಪಿಗೆ ಬರಬೇಕಾದುದಿಲ್ಲ. ನೆನಪಿಸುವ ಹೊಣೆ ನಮ್ಮದು. ಇದಕ್ಕೆಂದೇ ಇರುವ ಔಷಧವಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯು ಸಾಕಷ್ಟು ಕಾಪಾಡುತ್ತಿಲ್ಲವೆಂದು 2022ರಲ್ಲಿ ನಿಂತಿತು. ಹೊಸ ಲಸಿಕೆಯ ಪ್ರಯತ್ನ ನಡೆದಿರುವುದು. ಆದರೂ ನೂರು ರೋಗಿಗಳಲ್ಲಿ ತೊಂಬತ್ತೈದರಷ್ಟು ಮಂದಿ ಒಳ್ಳೆಯ ಆರೈಕೆಯಿಂದ ಬದುಕುವರು. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟದು. ಆದುದರಿಂದ ರೋಗಿಯನ್ನು ದೂರವಿಡುವುದು ಅಜ್ಞಾನವಷ್ಟೇ ಅಲ್ಲ, ಪಾಪ.

ಕೊಟ್ಟಿಗೆಯ ವಿಷಯ ಉಳಿದಿರುವುದು. ನಮ್ಮ ಸೀಮೆಗೆ ನಿಜವಾದ ಶತ್ರು ಅಲ್ಲಿಯೇ ಇರುವನು. ಪಂಚತಂತ್ರದಲ್ಲಿ ಮಂದವಿಸರ್ಪಿಣಿಯೆಂಬ ಹೇನು ಅರಸನ ಹಾಸಿಗೆಯಲ್ಲಿ ಸುಖವಾಗಿದ್ದು, ಬಂದ ತಿಗಣೆಗೆ ಸ್ವಭಾವವನ್ನರಿಯದೆ ಆಶ್ರಯ ಕೊಟ್ಟು ಪ್ರಾಣ ಕಳೆದುಕೊಂಡ ಕಥೆಯನ್ನು ಎಲ್ಲರೂ ಬಲ್ಲರು. ಹೊಸ ಹಸುವನ್ನು ತಂದ ದಿನವೇ ಹಳೆಯ ದನಗಳ ನಡುವೆ ಕಟ್ಟಬಾರದು. ಕೆಲವು ದಿನ ಬೇರೆ ಕಟ್ಟಿ, ಮೈಯನ್ನು ಸೋಸಿ ನೋಡಬೇಕು. ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು. ಕಿವಿ, ಬಾಲದ ಬುಡ, ಕೆಚ್ಚಲುಗಳನ್ನು ದಿನವೂ ಸವರಿ ನೋಡಿ ಕಂಡ ಉಣ್ಣೆಯನ್ನು ಅಂದೇ ತೆಗೆಯಬೇಕು. ಕಚ್ಚಿದೊಡನೆ ಥೈಲೀರಿಯ ಇಳಿಯದು, ಒಂದೆರಡು ದಿನ ಹಿಡಿಯುವುದು, ಆದುದರಿಂದ ದಿನದ ಶೋಧನೆಯೇ ದೊಡ್ಡ ಮದ್ದು. ಉಣ್ಣೆ ಕೊಲ್ಲುವ ವಿಷದ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಬಳಸಿ, ಅವರು ಹೇಳಿದಷ್ಟು ದಿನ ಹಾಲನ್ನು ಮಕ್ಕಳಿಗೆ ಕೊಡದಿರಬೇಕು. ಹಸು ಮೇವು ಬಿಟ್ಟು ಮೈ ಸುಟ್ಟರೆ ಅಂದೇ ವೈದ್ಯರಿಗೆ ಹೇಳಿಕಳುಹಿಸಬೇಕು.

ನೆರೆಮನೆಯವಳು ಸಾಲದ ಮೇಲೆ ಸಾಲ ಮಾಡಿ ಮತ್ತೊಂದು ಹಸುವನ್ನು ತಂದಿರುವಳು. ಅವಳ ಕೊಟ್ಟಿಗೆಯ ಗೋಡೆಗೆ ನಾನೂ ಅವಳ ಹಿರಿಯ ಮಗನೂ ಸೇರಿ ಗಾರೆ ಮೆತ್ತಿದೆವು. ಹುಡುಗನು ದಿನವೂ ಸಂಜೆ ಹಸುವಿನ ಕಿವಿ ಮಡಿಸಿ ನೋಡಿ, “ಇವತ್ತು ಎರಡು ಸಿಕ್ಕಿದವು ಮೇಷ್ಟ್ರೇ” ಎಂದು ಜಗಲಿಗೆ ಬಂದು ಲೆಕ್ಕ ಒಪ್ಪಿಸುವನು. ನಾನು ಅದನ್ನು ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡುತ್ತಿರುವೆನು. ಹೋದ ವಾರ ಮೂರು ದಿನ ಸೊನ್ನೆ ಬಿದ್ದಿತು. ಮೂವತ್ತು ವರ್ಷ ಮಕ್ಕಳಿಗೆ ಸೊನ್ನೆ ಹಾಕಿ ಬೈದವನು ನಾನು. ಸೊನ್ನೆಯನ್ನು ಕಂಡು ಸಂತೋಷಪಟ್ಟುದು ಇದೇ ಮೊದಲು.